ಗಣಕದ ಗೊಂಬೆಗೆ ಇಳಕಲ್ ಸೀರೆ: ಆರಂಭಿಕರಿಗೆ ಮಾರ್ಗದರ್ಶಿ

ಗಣಕಯಂತ್ರದಲ್ಲಿ ರೂಪಿಸಿದ ಮಾನವಾಕೃತಿಯನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಅದಕ್ಕೆ ಉಡುಪು ತೊಡಿಸುವ ಕಲೆ ಚಲನಚಿತ್ರ, ಗಣಕದ ಆಟ ಹಾಗೂ ಜಾಹೀರಾತುಗಳಲ್ಲಿ ಬಳಕೆಯಲ್ಲಿದೆ. ಹೊಲಿದ ಉಡುಪಿಗೆ ಇಲ್ಲಿ ಸುಲಭದ ದಾರಿಯಿದೆ. ಹೊಲಿಗೆಯಿಲ್ಲದ ಸೀರೆ, ಧೋತರ, ರುಮಾಲುಗಳಿಗೆ ಆ ದಾರಿ ಸಾಲದು. ಉತ್ತರ ಕರ್ನಾಟಕದ ಜನರನ್ನು ಅವರದೇ ಉಡುಗೆಯಲ್ಲಿ ತೋರಿಸಬಯಸುವವರು ಈ ವ್ಯತ್ಯಾಸವನ್ನು ಮೊದಲು ಅರಿಯಬೇಕು.

ಹಿನ್ನೆಲೆ

ಚಿತ್ರಕಲಾವಿದರ ಮರದ ಗೊಂಬೆಗೆ ಬದಲಾಗಿ 1995ರಲ್ಲಿ 'ಪೋಸರ್' ತಂತ್ರಾಂಶ ಬಂದಿತು. 2002ರ ಅದರ ಐದನೆಯ ಆವೃತ್ತಿಯಲ್ಲಿ ಬಟ್ಟೆ ಸಹಜವಾಗಿ ಇಳಿಬೀಳುವಂತೆ ಲೆಕ್ಕಹಾಕುವ ಸೌಲಭ್ಯ ಸೇರಿತು. 'ಡಾಜ್ ಸ್ಟುಡಿಯೋ' 2017ರಲ್ಲಿ 'ಡಿಫೋರ್ಸ್' ಮೂಲಕ ಇದೇ ಅನುಕೂಲ ನೀಡಿತು. ಉಚಿತವಾಗಿ ದೊರೆಯುವ 'ಬ್ಲೆಂಡರ್'ನಲ್ಲೂ ಈ ಸೌಲಭ್ಯವಿದೆ.

ಎರಡು ವಿಧಾನ

ಮೊದಲನೆಯದರಲ್ಲಿ ಉಡುಪಿಗೂ ಆಕೃತಿಯಂತೆಯೇ ಅಸ್ಥಿಪಂಜರವಿರುತ್ತದೆ. ತೋಳು ಎತ್ತಿದರೆ ಅಂಗಿಯ ತೋಳೂ ಏಳುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಇದು ಸಾಕು. ಬಟ್ಟೆಯನ್ನು ಸೀಳಿ ಮೈ ಇಣುಕಿದರೆ, ಒಳಗೆ ಮರೆಯಾದ ದೇಹಭಾಗವನ್ನು ಅಡಗಿಸುವುದೇ ಸರಳ ಪರಿಹಾರ.

ಎರಡನೆಯದರಲ್ಲಿ ಬಟ್ಟೆಗೆ ತೂಕ, ಬಿಗುಪು, ಘರ್ಷಣೆಗಳ ಗುಣ ಕೊಟ್ಟು ಗುರುತ್ವಕ್ಕೆ ಬಿಡಲಾಗುತ್ತದೆ. ಸೀರೆ, ಧೋತರಗಳಿಗೆ ಬೇಕಾದದ್ದು ಇದೇ.

ಯಮನೂರಿನ ಉದಾಹರಣೆ

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗ ಸವಾರನೆಂದೂ ನಡೆದುಕೊಳ್ಳುವ ದೇವರಿಗೆ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಜಾತ್ರೆ ನೆರೆಯುತ್ತದೆ. ಬೆಣ್ಣೆಹಳ್ಳದ ದಂಡೆಯಲ್ಲಿ ಕುಳಿತ, ಇಳಕಲ್ ಸೀರೆಯುಟ್ಟ ಅಜ್ಜಿಯ ಆಕೃತಿ ರಚಿಸಬೇಕೆಂದು ಭಾವಿಸೋಣ. ಕ್ರಮ ಹೀಗಿದೆ:

1. ಅಳತೆ ನಿಜವಾಗಿರಲಿ. ಕಚ್ಚೆ ಹಾಕಿ ಉಡುವ ಸೀರೆ 18 ಮೊಳ, ಅಂದರೆ 9 ಗಜ ಅಥವಾ ಸುಮಾರು 8.2 ಮೀಟರ್. ಅದನ್ನು ಮೊಟಕುಗೊಳಿಸಿದರೆ ನಿರಿಗೆಗೆ ಬಟ್ಟೆ ಉಳಿಯದು.

2. ಆಕೃತಿಯನ್ನು ಕೈಚಾಚಿ ನೆಟ್ಟಗೆ ನಿಲ್ಲಿಸಿಯೇ ಉಡಿಸಬೇಕು. ನಿರಿಗೆಗಳನ್ನು ಮೊದಲೇ ಮಡಿಸಿ, ಸೊಂಟದ ಅಂಚನ್ನು ಕದಲದಂತೆ ಬಂಧಿಸಬೇಕು.

3. ಮೈಗೂ ಬಟ್ಟೆಗೂ ಕೆಲವು ಮಿಲಿಮೀಟರ್ ಅಂತರ ಬಿಡಬೇಕು. ಅಂತರ ಹೆಚ್ಚಾದರೆ ಸೀರೆ ತೇಲಿದಂತೆ ಕಾಣುತ್ತದೆ. ಕಡಿಮೆಯಾದರೆ ಮೈ ಹೊರಗಿಣುಕುತ್ತದೆ.

4. ಒಡಲಿಗೂ ಸೆರಗಿಗೂ ಬೇರೆ ಗುಣ ಕೊಡಬೇಕು. ಹತ್ತಿಯ ಒಡಲಿಗೆ ರೇಷ್ಮೆಯ ಟೋಪಿತೆನೆ ಸೆರಗನ್ನು ಕೊಂಡಿ ಹಾಕಿ ಸೇರಿಸುವುದು ಇಳಕಲ್ ನೇಯ್ಗೆಯ ವೈಶಿಷ್ಟ್ಯ. ಎರಡೂ ಒಂದೇ ರೀತಿ ಇಳಿಬೀಳುವುದಿಲ್ಲ.

5. ನಿಂತ ಭಂಗಿಯಿಂದ ಕುಳಿತ ಭಂಗಿಗೆ 30ರಿಂದ 60 ಫ್ರೇಮ್‌ಗಳಲ್ಲಿ ನಿಧಾನವಾಗಿ ತರಬೇಕು. ಒಮ್ಮೆಲೇ ಕೂರಿಸಿದರೆ ಬಟ್ಟೆ ಮೈಯೊಳಗೆ ಹೊಕ್ಕು ಸಿಡಿಯುತ್ತದೆ. ಬಳಿಕ ಇನ್ನಷ್ಟು ಫ್ರೇಮ್ ಬಿಟ್ಟು ಬಟ್ಟೆ ನೆಲೆಗೊಳ್ಳಲು ಅವಕಾಶ ನೀಡಬೇಕು.

ಎಡವುವುದೆಲ್ಲಿ?

ಮೊಣಕಾಲ ಹಿಂಬದಿ ಮತ್ತು ಕಂಕುಳಲ್ಲಿ ದೇಹದ ಎರಡು ಭಾಗಗಳು ಒಂದರೊಳಗೊಂದು ಸೇರಿದರೆ ನಡುವಿನ ಬಟ್ಟೆಗೆ ದಾರಿಯಿಲ್ಲದಂತಾಗುತ್ತದೆ. ಭಂಗಿಯನ್ನು ತುಸು ಸಡಿಲಿಸುವುದೇ ಇದಕ್ಕೆ ಉಪಾಯ. ನಿರಿಗೆಗಳು ಒಂದನ್ನೊಂದು ತೂರದಂತೆ ಬಟ್ಟೆಗೆ ಬಟ್ಟೆಯ ತಾಕಲಾಟವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇದು ಬಹಳ ಸಮಯ ಬೇಡುವುದರಿಂದ ಮೊದಲ ಪ್ರಯೋಗಗಳನ್ನು ಒರಟು ಜಾಲದಲ್ಲಿ ಮಾಡಿ, ಕೊನೆಗೆ ಸೂಕ್ಷ್ಮ ಜಾಲ ಬಳಸುವುದು ಲೇಸು.

ಉಡಿಸುವವರಿಗೆ ಉಡುವುದು ತಿಳಿದಿರಬೇಕು

ತಂತ್ರಾಂಶವು ಬಟ್ಟೆಯ ಭಾರವನ್ನು ಲೆಕ್ಕಹಾಕಬಲ್ಲದು. ಕಚ್ಚೆ ಯಾವ ಕಡೆಯಿಂದ ಹಾಯ್ದು ಎಲ್ಲಿ ಸಿಕ್ಕಿಸಲ್ಪಡುತ್ತದೆ, ಸೆರಗು ತಲೆಯ ಮೇಲೆ ಎಷ್ಟು ಬರುತ್ತದೆ ಎಂಬುದನ್ನು ಅದು ಹೇಳದು. ಆ ಅರಿವು ದಿನನಿತ್ಯ ಉಡುವ ಹಿರಿಯರಲ್ಲಿದೆ. ಅಂಥವರು ಸೀರೆ ಉಡುವುದನ್ನು ಹಂತಹಂತವಾಗಿ ನೋಡಿ ಗುರುತು ಹಾಕಿಕೊಂಡ ಬಳಿಕವೇ ಗಣಕದ ಮುಂದೆ ಕೂಡುವುದು ಒಳಿತು. ಇಲ್ಲವಾದಲ್ಲಿ ಕಚ್ಚೆಯ ಧೋತರವು ಬಿಳಿ ಬಣ್ಣದ ಪ್ಯಾಂಟಾಗಿ, ಒಂಬತ್ತು ಗಜದ ಸೀರೆಯು ಲಂಗವಾಗಿ ಕಾಣಿಸಿಕೊಳ್ಳುವ ಅಪಾಯವಿದೆ.