ಬರ್ಮಾ ದಂಗೆ: ಯಾವ ಸುದ್ದಿ ನಂಬಬೇಕು?

ಇಂಧನ ಬೆಲೆ ಏರಿಕೆ ವಿರೋಧಿಸಿ 2007ರ ಆಗಸ್ಟ್‌ನಲ್ಲಿ ಮ್ಯಾನ್ಮಾರ್‌ನಲ್ಲಿ ಆರಂಭವಾದ ಪ್ರತಿಭಟನೆಯು, ಸೆಪ್ಟೆಂಬರ್‌ನಲ್ಲಿ ಬೌದ್ಧ ಭಿಕ್ಷುಗಳು ಬೀದಿಗಿಳಿದ ನಂತರ 'ಕೇಸರಿ ಕ್ರಾಂತಿ' ಎಂದು ಹೆಸರಾಯಿತು. ಸೇನೆ ಗುಂಡು ಹಾರಿಸಿತು; ಅಂತರ್ಜಾಲ ಸಂಪರ್ಕವನ್ನೂ ಕಡಿದುಹಾಕಲಾಯಿತು. ಸತ್ತವರು 10 ಮಂದಿ ಎಂದು ಸರಕಾರಿ ಮಾಧ್ಯಮಗಳು ಹೇಳಿದರೆ, ನೂರಕ್ಕೂ ಹೆಚ್ಚು ಎಂದು ದೇಶಭ್ರಷ್ಟರ ಮೂಲಗಳು ಹೇಳಿದವು.

ಓದುಗರು ಮೊದಲು ಕೇಳಬೇಕಾದುದು: ಎಣಿಸಿದವರು ಯಾರು, ಹೇಗೆ? ನವೆಂಬರ್‌ನಲ್ಲಿ ಭೇಟಿ ನೀಡಿದ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಪಿನೈರೊ ಅವರ ಮುಂದೆ ಸರಕಾರವೇ 15 ಸಾವುಗಳನ್ನು ಒಪ್ಪಿಕೊಂಡಿತು. ತಮಗೆ ದೊರೆತ ಇನ್ನೂ 16 ಹೆಸರುಗಳನ್ನು ಸೇರಿಸಿ, ಅವರು 'ಕನಿಷ್ಠ 31' ಎಂದು ವರದಿ ಮಾಡಿದರು. ಹೆಸರುಳ್ಳ ಪಟ್ಟಿಯನ್ನು ಪರಿಶೀಲಿಸಬಹುದು, ಬರಿಯ ಸಂಖ್ಯೆಯನ್ನಲ್ಲ.

ಎರಡನೆಯದು, ದೃಶ್ಯಸಾಕ್ಷ್ಯ. ಸೆಪ್ಟೆಂಬರ್ 27ರಂದು ಯಾಂಗೊನ್‌ನಲ್ಲಿ ಜಪಾನಿನ ಪತ್ರಕರ್ತ ಕೆಂಜಿ ನಾಗೈ ಗುಂಡಿಗೆ ಬಲಿಯಾದರು. ಆಕಸ್ಮಿಕವೆಂಬ ಅಧಿಕೃತ ವಾದವನ್ನು, ಸೈನಿಕನೊಬ್ಬ ಸಮೀಪದಿಂದಲೇ ಗುಂಡು ಹಾರಿಸಿದಂತೆ ಕಾಣುವ ಚಿತ್ರಿಕೆ ಅಲುಗಾಡಿಸಿತು. ಸ್ಥಳ, ದಿನ, ವ್ಯಕ್ತಿ ಮೂರೂ ಗುರುತಿಸಲು ಸಾಧ್ಯವಾದುದರಿಂದಲೇ ಅದಕ್ಕೆ ಬೆಲೆ ಬಂದಿತು.

ಕೊನೆಯದಾಗಿ, 'ಕನಿಷ್ಠ' ಎಂಬ ಪದವನ್ನು ಕಡೆಗಣಿಸಬಾರದು. ಅದು ಅಂತಿಮ ಲೆಕ್ಕವಲ್ಲ. ಹೆಸರು ತಿಳಿಯದೆ ಸತ್ತವರು ಅದರ ಹೊರಗೇ ಉಳಿದಿರಬಹುದು.