ಮುರಿದ ಊರಿಗೆ ಮೊದಲು ನೀರು

ಸಂಪಾಜೆಯವರಾದ ನಮಗೆ ಪಯಸ್ವಿನಿ ಮನೆಬಾಗಿಲ ಹೊಳೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದು ಆ ಹೊಳೆ ಕೆಸರಾಗಿ ಹರಿದಾಗ, ನೆರೆಯ ನಡುವೆಯೂ ಬಾಯಾರುವುದೆಂದರೇನೆಂದು ಅರಿತೆವು.

ಯುದ್ಧಕ್ಕೆ ಸಿಕ್ಕಿದ ಪಟ್ಟಣದ ಪಾಡೂ ಇದೇ ಅಲ್ಲವೆ? ವಿಜಯನಗರವನ್ನು ನೆನೆಯಿರಿ. 1565ರ ಸೋಲಿನ ಬಳಿಕ ಆ ಪಟ್ಟಣ ಸೂರೆಹೋಯಿತು. ತುಂಗಭದ್ರೆಯ ತುರ್ತು ಕಾಲುವೆ ಇಂದಿಗೂ ಹಂಪೆಯ ಗದ್ದೆ ತೋಟಗಳಿಗೆ ಹರಿಯುತ್ತಿದೆ. ಅರಮನೆಯ ಕೊಳಗಳಿಗೆ ನೀರು ತರುತ್ತಿದ್ದ ಕಲ್ಲುದೋಣಿಗಳು ಮಾತ್ರ ಬರಿದಾಗಿವೆ. ಬೆಳೆಗೆ ಬೇಕಾದ ಕಾಲುವೆಯನ್ನು ರೈತರು ಜೋಪಾನ ಮಾಡಿದರು. ದೋಣಿಗಳನ್ನು ನೋಡಿಕೊಳ್ಳಲು ಪಟ್ಟಣವೇ ಉಳಿಯಲಿಲ್ಲ.

1977ರ ಜಿನೀವಾ ಪೂರಕ ಒಪ್ಪಂದವು ಕುಡಿಯುವ ನೀರಿನ ನೆಲೆಗಳ ಮೇಲಿನ ದಾಳಿಯನ್ನು ನಿಷೇಧಿಸಿದೆ. ಪಾಳುಬಿದ್ದ ಊರನ್ನು ಮತ್ತೆ ಕಟ್ಟುವವರು ಗೋಡೆಗಿಂತ ಮೊದಲು ಬಾವಿಯ ಕೆಸರೆತ್ತಿ, ಬ್ಲೀಚಿಂಗ್ ಪುಡಿ ಹಾಕಿ, ನೀರನ್ನು ಶುದ್ಧಿಗೊಳಿಸಲಿ. ನೀರು ಬಂದರೆ ಜನ ಬರುತ್ತಾರೆ. ಜನ ಬಂದರೆ ಊರು.