ಮೂವತ್ತು ಲಕ್ಷ ಮೈಲಿ ಓಡಿದ ಮೇಷ್ಟರ ಕಾರು

ಯಂತ್ರಗಳ ಚರಿತ್ರೆಯನ್ನು ನಾವು ಶಾಲೆಗಳಲ್ಲಿ ಕಲಿಸುವ ಬಗೆ ಒಂದೇ. ಯಾರು ಕಂಡುಹಿಡಿದರು, ಯಾವ ವರ್ಷ, ಯಾವ ದೇಶ. ಇಷ್ಟನ್ನು ಬರೆದರೆ ಎರಡು ಅಂಕ. ಆ ಯಂತ್ರವನ್ನು ಆಮೇಲೆ ನೋಡಿಕೊಂಡವರು ಯಾರು, ಅದು ಎಷ್ಟು ಕಾಲ ಬಾಳಿತು ಎಂಬ ಪ್ರಶ್ನೆ ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ. ಕೆರೆ ಕಟ್ಟಿಸಿದವರ ಹೆಸರನ್ನು ಬಾಯಿಪಾಠ ಮಾಡುವ ನಾವು, ಕೆರೆಯ ಪೋಷಣೆಗೆಂದೇ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ‘ಬಿತ್ತುವಟ್ಟ’ದ ಶಾಸನಗಳನ್ನು ಮರೆಯುವುದೂ ಇದೇ ಕಾರಣಕ್ಕೆ. ಕಟ್ಟಿದ್ದು ಚರಿತ್ರೆ, ಕಾಪಾಡಿದ್ದು ದಿನಚರಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸರಿಯಲ್ಲವೆಂದು ತೋರಿಸಬಲ್ಲ ಒಂದು ಕಾರಿನ ವೃತ್ತಾಂತವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅದರ ಒಡೆಯರೂ ಒಬ್ಬ ಮೇಷ್ಟರು ಎಂಬುದು ನನ್ನ ಮಮತೆಗೆ ಇನ್ನೊಂದು ಕಾರಣ.

ಅವರ ಹೆಸರು ಇರ್ವ್ ಗೋರ್ಡನ್. ಅಮೆರಿಕದ ನ್ಯೂಯಾರ್ಕಿಗೆ ಸೇರಿದ ಲಾಂಗ್ ಐಲೆಂಡಿನಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದರು. 1966ರ ಜೂನ್ ತಿಂಗಳ ಕೊನೆಯಲ್ಲಿ, ಇಪ್ಪತ್ತೈದರ ತರುಣರಾಗಿದ್ದಾಗ, 4,150 ಡಾಲರ್ ಕೊಟ್ಟು ವೋಲ್ವೋ 1800ಎಸ್ ಎಂಬ ಕೆಂಪು ಬಣ್ಣದ ಕ್ರೀಡಾ ಕಾರನ್ನು ಕೊಂಡರು. ಅದು ಅವರ ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಮೇಷ್ಟರ ಸಂಬಳದಲ್ಲಿ ಮನೆ ನಡೆಸಿದವರಿಗೆ ಈ ಲೆಕ್ಕದ ಭಾರ ಬೇಗ ಅರ್ಥವಾಗುತ್ತದೆ. ಅವರು ದಿನವೂ ಶಾಲೆಗೆ ಹೋಗಿಬರಲು ಸುಮಾರು 125 ಮೈಲಿ ಓಡಿಸಬೇಕಾಗಿತ್ತು. ದಾರಿಯಲ್ಲಿ ಕೈಕೊಡದ ಕಾರು ಅವರಿಗೆ ಶೋಕಿಯಾಗಿರಲಿಲ್ಲ, ಹೊಟ್ಟೆಪಾಡಿನ ಅಗತ್ಯವಾಗಿತ್ತು. ಕೊಂಡ ಮೊದಲ 48 ಗಂಟೆಗಳಲ್ಲಿಯೇ 1,500 ಮೈಲಿ ಓಡಿಸಿ, ಮೊದಲನೆಯ ಸರ್ವೀಸಿಗೆ ಹಿಂದಿರುಗಿದರಂತೆ.

ಕಾರಿನ ಹುಟ್ಟನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸ್ವೀಡನ್ನಿನ ತರುಣ ಪೆಲ್ಲೆ ಪೆಟರ್‌ಸನ್ ಇಟಲಿಯ ಟ್ಯೂರಿನ್ನಿನಲ್ಲಿದ್ದಾಗ ಇದರ ರೂಪವನ್ನು ರಚಿಸಿದರು. 1960ರಲ್ಲಿ ಬ್ರಸೆಲ್ಸ್ ಪ್ರದರ್ಶನದಲ್ಲಿ ಅದು ಬೆಳಕಿಗೆ ಬಂದಿತು. ಮೊದಲ ಸುಮಾರು 6,000 ಕಾರುಗಳನ್ನು ಇಂಗ್ಲೆಂಡಿನ ಜೆನ್ಸನ್ ಸಂಸ್ಥೆ ಜೋಡಿಸಿತು. ಕೆಲಸದ ಗುಣಮಟ್ಟ ವೋಲ್ವೋಗೆ ಒಪ್ಪಿಗೆಯಾಗದೆ, 1963ರಲ್ಲಿ ಜೋಡಣೆ ಸ್ವೀಡನ್ನಿಗೇ ಸ್ಥಳಾಂತರವಾಯಿತು. ಹೆಸರಿನ ಕೊನೆಯ ‘ಎಸ್’ ಅಕ್ಷರ ಸ್ವೀಡನ್ನನ್ನು ಸೂಚಿಸುತ್ತದೆ. 1973ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಟ್ಟು 47,000ಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ‘ದಿ ಸೇಂಟ್’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ರೋಜರ್ ಮೂರ್ ಓಡಿಸಿದ್ದರಿಂದ ಇದು ಲೋಕಪ್ರಸಿದ್ಧವಾಯಿತು. ಆದರೆ ತೆರೆಯ ಮೇಲಿನ ಕೀರ್ತಿಗಿಂತ ದೊಡ್ಡ ಕೀರ್ತಿಯನ್ನು ಅದಕ್ಕೆ ತಂದುಕೊಟ್ಟವರು ಈ ಶಾಲಾಮೇಷ್ಟರು.

ಈಗ ಸ್ವಲ್ಪ ಲೆಕ್ಕ ಮಾಡೋಣ. ನನ್ನ ಹಳೆಯ ವಿದ್ಯಾರ್ಥಿಗಳು ಗೊಣಗಬಾರದು! ಮೊದಲ ಹತ್ತು ವರ್ಷಗಳಲ್ಲಿ ಕಾರು 5 ಲಕ್ಷ ಮೈಲಿ ಓಡಿತು. 1987ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 10 ಲಕ್ಷ ಪೂರೈಸಿತು. 1998ರಲ್ಲಿ, 16.9 ಲಕ್ಷ ಮೈಲಿಯಾಗಿದ್ದಾಗ, ಗಿನ್ನೆಸ್ ದಾಖಲೆಯನ್ನು ಸೇರಿತು. 2002ರಲ್ಲಿ ಟೈಮ್ಸ್ ಸ್ಕ್ವೇರಿನಲ್ಲಿ 20 ಲಕ್ಷ, 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದಲ್ಲಿ 30 ಲಕ್ಷ. ಅಂದರೆ ಮೊದಲನೆಯ ಹತ್ತು ಲಕ್ಷಕ್ಕೆ 21 ವರ್ಷ, ಎರಡನೆಯದಕ್ಕೆ 15 ವರ್ಷ, ಮೂರನೆಯದಕ್ಕೆ ಕೇವಲ 11 ವರ್ಷ. ಕಾರಿಗೆ ವಯಸ್ಸಾದಂತೆ ಅದರ ಓಟ ಹೆಚ್ಚುತ್ತಾ ಹೋಯಿತು! ಮೇಷ್ಟರಿಗೆ ನಿವೃತ್ತಿಯ ಬಿಡುವು ದೊರೆತದ್ದು ಇದಕ್ಕೊಂದು ಕಾರಣವಿರಬೇಕು. 30 ಲಕ್ಷ ಮೈಲಿಯೆಂದರೆ ಸುಮಾರು 48 ಲಕ್ಷ ಕಿಲೋಮೀಟರ್. ಭೂಮಿಗೆ 120 ಸುತ್ತು, ಅಥವಾ ಚಂದ್ರನಿಗೆ ಆರು ಬಾರಿ ಹೋಗಿಬರುವಷ್ಟು ದೂರ.

ಇದನ್ನು ಸಾಧಿಸಿದ ಗುಟ್ಟೇನು ಎಂದು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದುದರ ಸಾರ ಬಹಳ ಸಾಮಾನ್ಯವಾದದ್ದು: ಕಾರಿನ ಜೊತೆಗೆ ಬಂದ ಕೈಪಿಡಿಯನ್ನು ಓದಿ, ಅದರಲ್ಲಿ ಹೇಳಿದ್ದನ್ನು ಹೇಳಿದ ಕಾಲಕ್ಕೆ ಮಾಡಿ. ಪ್ರತಿ 3,000ದಿಂದ 3,500 ಮೈಲಿಗೊಮ್ಮೆ ಎಂಜಿನ್ ಆಯಿಲ್ ಬದಲಿಸುವುದು ಅವರ ಕ್ರಮ. 30 ಲಕ್ಷ ಮೈಲಿಗೆ ಲೆಕ್ಕ ಹಾಕಿದರೆ ಸುಮಾರು 850ರಿಂದ 1,000 ಬಾರಿ ಆಯಿಲ್ ಬದಲಾವಣೆ ಎಂದಾಯಿತು. ಆ ಕಾಲದ ಕಾರಿಗೆ ಅಷ್ಟರಿಂದಲೇ ಮುಗಿಯುವುದಿಲ್ಲ. ಎರಡು ಕಾರ್ಬ್ಯುರೇಟರುಗಳು ಒಂದೇ ಉಸಿರಿನಲ್ಲಿ ಕೆಲಸ ಮಾಡುವಂತೆ ಆಗಾಗ ಹೊಂದಿಸಬೇಕು. ಕಿಡಿ ಹಾರಿಸುವ ಪಾಯಿಂಟುಗಳು ಸವೆದಂತೆ ಅವುಗಳ ನಡುವಿನ ಅಂತರವನ್ನು ಸರಿಪಡಿಸಬೇಕು. ನಮ್ಮ ಮೆಕ್ಯಾನಿಕ್ಕುಗಳು ‘ಟ್ಯಾಪೆಟ್ ಸೆಟ್ಟಿಂಗ್’ ಎನ್ನುವ ಕವಾಟದ ಹೊಂದಾಣಿಕೆ ಬೇರೆ. ಇವುಗಳಲ್ಲಿ ಯಾವುದೂ ಪಾಂಡಿತ್ಯದ ಕೆಲಸವಲ್ಲ. ತಪ್ಪದೆ ಮಾಡಬೇಕಾದ ಕೆಲಸ. ಎಂಜಿನ್ನನ್ನು ಮೊದಲ ಬಾರಿಗೆ ಪೂರ್ಣವಾಗಿ ಬಿಚ್ಚಿ ಹೊಸದಾಗಿ ಕಟ್ಟಿಸಿದ್ದು 6,80,000 ಮೈಲಿಯಾದ ಮೇಲೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಗೆ ಕಬ್ಬಿಣದಲ್ಲಿ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿಯದು.

ಆದರೆ ಇತಿಹಾಸದ ವಿದ್ಯಾರ್ಥಿ ಇಲ್ಲಿಗೇ ನಿಲ್ಲಬಾರದು. ಇದೆಲ್ಲವೂ ಒಬ್ಬ ವ್ಯಕ್ತಿಯ ಶಿಸ್ತಿನ ಫಲವೆಂದುಬಿಟ್ಟರೆ ಅದು ನೀತಿಕಥೆಯಾದೀತು, ಚರಿತ್ರೆಯಾಗಲಾರದು. ಮೊದಲನೆಯದಾಗಿ, ಎಂಜಿನ್ ತಾನೇ ಗಟ್ಟಿಮುಟ್ಟಾದದ್ದು. ಬಿ18 ಎಂಬ ಆ 1.8 ಲೀಟರ್ ಎಂಜಿನ್ನಿನ ತಿರುಗುದಂಡ ಐದು ಬೇರಿಂಗುಗಳ ಮೇಲೆ ನಿಂತಿತ್ತು. ಅಂದಿನ ಎಷ್ಟೋ ನಾಲ್ಕು ಸಿಲಿಂಡರಿನ ಎಂಜಿನ್ನುಗಳಿಗೆ ಇದ್ದದ್ದು ಮೂರೇ. ಎರಡನೆಯದಾಗಿ, ಓಟದ ಬಗೆ. ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿದ್ದಾಗ ಚಾಲೂ ಮಾಡುವಾಗ, ಮತ್ತು ಬಿಸಿಯೇರುವ ಮುನ್ನವೇ ನಿಲ್ಲಿಸುವ ಗಿಡ್ಡ ಓಡಾಟಗಳಲ್ಲಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ನೂರಾರು ಮೈಲಿ ಸಾಗುವುದು ಅದಕ್ಕೆ ಸುಖಕರ. ಓವರ್‌ಡ್ರೈವ್ ಸೌಲಭ್ಯವಿದ್ದುದರಿಂದ ವೇಗವಾಗಿ ಹೋಗುವಾಗಲೂ ಎಂಜಿನ್ ನಿಧಾನವಾಗಿ ತಿರುಗುತ್ತಿತ್ತು. ಮೂರನೆಯದು ಬಿಡಿಭಾಗಗಳು. ಮಾದರಿ ನಿಂತುಹೋಗಿ ದಶಕಗಳಾದರೂ ಅವು ದೊರೆಯುತ್ತಿದ್ದವು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಮೇಷ್ಟರ ಶ್ರದ್ಧೆಯೊಂದೇ ಕಾರನ್ನು ಅಲಾಸ್ಕಾದವರೆಗೆ ಮುಟ್ಟಿಸುತ್ತಿರಲಿಲ್ಲ. ಹಾಗೆಯೇ, ಈ ಮೂರೂ ದೊರೆತಿದ್ದ ಸಾವಿರಾರು 1800ಗಳು ತುಕ್ಕು ಹಿಡಿದು ಗುಜರಿ ಸೇರಿದವು. ಒಂದು ಉಳಿಯಿತು. ವ್ಯತ್ಯಾಸ ಎಲ್ಲಿತ್ತೆಂಬುದನ್ನು ನೀವೇ ಊಹಿಸಬಲ್ಲಿರಿ.

ಇಷ್ಟೊಂದು ಭಾಗಗಳನ್ನು ಬದಲಿಸಿದ ಮೇಲೆ ಅದು ಅದೇ ಕಾರೇ ಎಂದು ತರ್ಕಪ್ರಿಯರು ಕೇಳಬಹುದು. ನನ್ನ ಉತ್ತರ ಸರಳ. ಹೆಂಚು ಬದಲಿಸಿದ ಮನೆಯನ್ನು ನಾವು ಬೇರೆ ಮನೆ ಎನ್ನುವುದಿಲ್ಲ. ವಾಸ ತಪ್ಪಿದ ಮನೆಯೇ ಹಾಳುಮನೆ. ನಿರಂತರವಾಗಿ ಒಬ್ಬರ ಕೈಯಲ್ಲಿ ಬಾಳಿದ್ದೇ ಆ ಕಾರಿನ ಗುರುತು.

ಇನ್ನೊಂದು ಸಂಗತಿ ಹೇಳಬೇಕು. ಯಾವುದೇ ವಾಹನ ಓಡಿದಷ್ಟೂ ಅದರ ಬೆಲೆ ಇಳಿಯುವುದು ಪೇಟೆಯ ನಿಯಮ. ಕಾರನ್ನು ಮಾರುತ್ತೀರಾ ಎಂದು ಕೇಳಿದವರಿಗೆ ಗೋರ್ಡನ್ನರು ಮೈಲಿಗೊಂದು ಡಾಲರ್ ಎಂದು ಹೇಳುತ್ತಿದ್ದರು. ತಮಾಷೆಯ ಮಾತೇ ಇರಬಹುದು. ಆದರೆ ಅದರಲ್ಲಿ ಒಂದು ವಾದವಿದೆ: ಕಾರು ಸವೆದ ದೂರವನ್ನು ಅವರು ನಷ್ಟವೆಂದು ಎಣಿಸಲಿಲ್ಲ, ಗಳಿಕೆಯೆಂದು ಎಣಿಸಿದರು. ಆ ಲೆಕ್ಕದಂತೆ 4,150 ಡಾಲರಿನ ಕಾರಿಗೆ 30 ಲಕ್ಷಕ್ಕೂ ಮೀರಿದ ಬೆಲೆ. ಯಾರೂ ಕೊಳ್ಳಲಿಲ್ಲ, ಅವರಿಗೂ ಮಾರುವ ಆತುರವಿದ್ದಂತಿಲ್ಲ.

ಇರ್ವ್ ಗೋರ್ಡನ್ 2018ರ ನವೆಂಬರಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಕಾರು 32 ಲಕ್ಷ ಮೈಲಿಯನ್ನು ದಾಟಿತ್ತು. ಅವರು ಏನನ್ನೂ ಕಂಡುಹಿಡಿಯಲಿಲ್ಲ, ಪಂದ್ಯದಲ್ಲಿ ಗೆದ್ದವರಲ್ಲ. ಕೊಂಡದ್ದನ್ನು 52 ವರ್ಷ ನೋಡಿಕೊಂಡರು, ಅಷ್ಟೆ. ಪಠ್ಯಪುಸ್ತಕದಲ್ಲಿ ಅಂಥವರಿಗೆ ಒಂದು ಸಾಲಿನ ಜಾಗವಿರಬೇಕೆಂದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಈಗ ಪಾಠ ಹೇಳುತ್ತಿರುವವರು ಹಲವರಿದ್ದೀರಿ. ಯಂತ್ರಗಳ ಪಾಠ ಬಂದಾಗ ಮಕ್ಕಳಿಗೆ ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಿ: ‘ಇದನ್ನು ಯಾರು ನೋಡಿಕೊಂಡರು?’